ಜಾತ್ರೆಯ ಬಯಲಿನ ಕಾಯಕದವರು

(ಜಾತ್ರಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)



ಜತ್ತ ತಾಲೂಕು ಬರದ ಸೀಮೆಯೆಂದು ಹೆಸರಾದರೂ ಜಾತ್ರೆಗೆ ಬರವಿಲ್ಲದ ಸೀಮೆ. ಕಾರ್ತಿಕದ ಅಮವಾಸ್ಯೆಗೆ ಗುಡ್ಡಾಪುರದಲ್ಲಿ ಸೇರುವ ಜನಸಾಗರವನ್ನು ಎಲ್ಲರೂ ಬಲ್ಲರು. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಸೊಲ್ಲಾಪುರ ಕಡೆಯ ಭಕ್ತರು ತಲೆಯ ಮೇಲೆ ಬುತ್ತಿಗಂಟು ಹೊತ್ತು ನಡೆದು ಬರುತ್ತಾರೆ. ಮಾರ್ಗಶಿರದಲ್ಲಿ ಜತ್ತದ ಯಲ್ಲಮ್ಮದೇವಿಯ ಜಾತ್ರೆ. ಅಲ್ಲಿ ಖಿಲಾರಿ ಎತ್ತುಗಳ ಸಾಲು ನೋಡುವುದಕ್ಕೇ ಮೂರು ಜಿಲ್ಲೆಯ ರೈತರು ಬರುತ್ತಾರೆ. ಇಂಥ ಜಾತ್ರೆಗಳ ಸ್ಮರಣ ಸಂಚಿಕೆಗಳಲ್ಲಿ ದೇವಿಯ ಮಹಿಮೆ, ದಾನಿಗಳ ಹೆಸರು, ದಾಸೋಹದ ವಿವರ, ಪಲ್ಲಕ್ಕಿಯ ವರ್ಣನೆ ಎಲ್ಲವೂ ಇರುತ್ತದೆ, ಇರಬೇಕಾದದ್ದೇ. ಆದರೆ ಗುಡಿಯ ಮುಂದಿನ ಬಯಲಿನಲ್ಲಿ ಎಂಟು ದಿನ ತಂಬು ಹೊಡೆದು, ಜನರನ್ನು ನಗಿಸಿ, ಬೆರಗುಗೊಳಿಸಿ, ಒಂಬತ್ತನೆಯ ದಿನ ಹೇಳದೆ ಕೇಳದೆ ಹೊರಟುಹೋಗುವ ಜನರ ವಿಷಯ ಎಲ್ಲಿಯೂ ಬರುವುದಿಲ್ಲ. ಇಂದಿನ ನಾಲ್ಕು ಮಾತು ಅವರನ್ನು ಕುರಿತದ್ದು.

ಜಾತ್ರೆಗೆ ಹೊರಟ ಮಗುವನ್ನು ಕೇಳಿ ನೋಡಿ. ಮೊದಲು ಪಾಳಣಾ ಎನ್ನುತ್ತದೆ, ಆಮೇಲೆ ಬೆಂಡು ಬತ್ತಾಸು ಎನ್ನುತ್ತದೆ, ಕಡೆಗೆ ತಾಯಿ ನೆನಪು ಮಾಡಿಕೊಟ್ಟ ಮೇಲೆ ದೇವರು ಎನ್ನುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ದೇವಿಯ ಗುಡಿಗೆ ಮಗುವಿನ ಕೈಹಿಡಿದು ಕರೆತಂದದ್ದು ಆ ಪಾಳಣವೇ. ಮುಂದೆ ಅದೇ ಮಗು ದೊಡ್ಡದಾಗಿ ಪಾದಯಾತ್ರೆ ಮಾಡುತ್ತದೆ.

ಬಯಲಿನಲ್ಲಿ ಏನೇನಿದೆ ಎಂದು ಒಮ್ಮೆ ಲಕ್ಷ್ಯವಿಟ್ಟು ನೋಡಬೇಕು. ಎಲ್ಲಕ್ಕಿಂತ ಹೆಚ್ಚು ಗದ್ದಲ ಮಾಡುವುದು 'ಮೌತ್ ಕಾ ಕುವಾ', ಅಂದರೆ ಸಾವಿನ ಬಾವಿ. ಹಲಗೆಗಳನ್ನು ನೆಟ್ಟಗೆ ಜೋಡಿಸಿ ಬೋಲ್ಟು ಹಾಕಿ ನಿಲ್ಲಿಸಿದ ದೊಡ್ಡ ಕಟ್ಟಿಗೆಯ ಬಾವಿ ಅದು. ತಳದಲ್ಲಿ ಸ್ವಲ್ಪ ಇಳಿಜಾರು, ಅದರ ಮೇಲೆ ನೇರ ಗೋಡೆ. ಸವಾರನು ತಳದಲ್ಲಿ ಗಾಡಿ ಚಾಲೂ ಮಾಡಿ, ಇಳಿಜಾರಿನಲ್ಲಿ ಸುತ್ತು ಹಾಕಿ ವೇಗ ಹೆಚ್ಚಿಸಿಕೊಂಡು ಗೋಡೆ ಏರುತ್ತಾನೆ. ವೇಗದಿಂದ ಸುತ್ತುವಾಗ ಗಾಡಿ ಗೋಡೆಯನ್ನು ಬಲವಾಗಿ ಒತ್ತುತ್ತದೆ. ಆ ಒತ್ತಡದಿಂದ ಟೈರು ಹಲಗೆಯನ್ನು ಕಚ್ಚಿ ಹಿಡಿಯುತ್ತದೆ, ಗಾಡಿ ಜಾರುವುದಿಲ್ಲ. ವೇಗ ಕಡಿಮೆಯಾಯಿತೋ ಹಿಡಿತ ಹೋಯಿತು. ಅಂದರೆ ಅಂಜಿ ನಿಧಾನ ಮಾಡುವುದೇ ಅಪಾಯ. ಇದರಲ್ಲಿ ಮಂತ್ರವಿಲ್ಲ, ಮಾಟವಿಲ್ಲ. ಲೆಕ್ಕವಿದೆ, ಅಭ್ಯಾಸವಿದೆ, ಎದೆಗಾರಿಕೆಯಿದೆ. ಈ ಆಟ ಸುಮಾರು ನೂರಾಹತ್ತು ವರ್ಷಗಳ ಹಿಂದೆ ಅಮೆರಿಕದ ಮೇಳಗಳಲ್ಲಿ ಹುಟ್ಟಿ ಊರೂರು ದಾಟಿ ನಮ್ಮ ಜಾತ್ರೆಗೆ ಬಂದದ್ದು. ಹುಟ್ಟಿದ ದೇಶಗಳಲ್ಲಿ ಅದು ಅಪರೂಪವಾಗಿದೆ; ನಮ್ಮಲ್ಲಿ ಬೈಕಿನ ಜೊತೆಗೆ ಹಳೆಯ ಮಾರುತಿ ಕಾರನ್ನೂ ಗೋಡೆ ಹತ್ತಿಸುತ್ತಾರೆ. ಮೇಲಿನ ಕಟ್ಟೆಯಲ್ಲಿ ನಿಂತವರು ಚಾಚಿದ ಹತ್ತು ರೂಪಾಯಿ ನೋಟನ್ನು ಸವಾರ ಸುತ್ತುತ್ತಲೇ ಕಸಿದುಕೊಂಡು ಹೋಗುತ್ತಾನೆ. ಹತ್ತು ರೂಪಾಯಿ ಕೊಟ್ಟೆವೆಂದು ನಾವು ತಿಳಿಯುತ್ತೇವೆ; ಒಂದು ಕೈ ಬಿಟ್ಟು ಅವನು ಅದನ್ನು ಗಳಿಸಿದ್ದಾನೆ.

ಅದರ ಪಕ್ಕದ ತಂಬುವಿನಲ್ಲಿ ನಾಗಕನ್ಯೆ. ಹುಡುಗಿಯ ಮುಖ, ಹಾವಿನ ಮೈ. ಹುಡುಗಿಯ ಶರೀರ ಪೆಟ್ಟಿಗೆಯ ಕೆಳಗೆ, ಪರದೆಯ ಹಿಂದೆ ಅಡಗಿರುತ್ತದೆ. ಮುಖವಷ್ಟೇ ಮೇಲಕ್ಕೆ, ಹಾವಿನ ಮೈ ಬಟ್ಟೆಯದು. ಮೇಜಿನ ಮೇಲೆ ಮಾತನಾಡುವ ರುಂಡದ ಆಟವೂ ಇಂಥದ್ದೇ. ಮೇಜಿನ ಕಾಲುಗಳ ನಡುವೆ ಕನ್ನಡಿ ಓರೆಯಾಗಿ ನಿಲ್ಲಿಸಿದರೆ ಬದಿಯ ಪರದೆಯ ಪ್ರತಿಬಿಂಬವೇ ಹಿಂದಿನ ಪರದೆಯಂತೆ ಕಾಣುತ್ತದೆ, ಮೇಜಿನ ಕೆಳಗೆ ಬರಿದಾಗಿದೆಯೆಂದು ಕಣ್ಣು ನಂಬುತ್ತದೆ, ಕನ್ನಡಿಯ ಹಿಂದೆ ಮನುಷ್ಯ ಕುಳಿತಿರುತ್ತಾನೆ. 1865ರಲ್ಲಿ ಲಂಡನ್ ಪಟ್ಟಣದಲ್ಲಿ ಈ ಆಟವನ್ನು ಮೊದಲು ತೋರಿಸಿದಾಗ ದೊಡ್ಡ ದೊಡ್ಡ ವಿದ್ಯಾವಂತರೇ ಬೆರಗಾದರಂತೆ. ಇದು ಮೋಸವಲ್ಲವೇ ಎಂದು ಯಾರಾದರೂ ಕೇಳಬಹುದು. ಮೋಸಗಾರನು ತಾನು ಕೊಟ್ಟದ್ದು ನಿಜವೆಂದು ನಂಬಿಸಿ ಮನೆ ಮುರಿಯುತ್ತಾನೆ. ಆಟದವನು ಆಟವೆಂದು ಬೋರ್ಡು ಬರೆಸಿ, ಟಿಕೀಟು ಹರಿದು, ಐದು ನಿಮಿಷ ಬೆರಗು ಕೊಟ್ಟು ಕಳಿಸುತ್ತಾನೆ. ನಿಜವಾದ ಮೋಸ ಯಾವುದೆಂದರೆ ಅದೇ ಕೈಚಳಕವನ್ನು ಪವಾಡವೆಂದು ಹೇಳಿ ರೋಗಿಗಳಿಂದ ಹಣ ಕೀಳುವುದು. ಆ ವಿದ್ಯೆಯನ್ನು ಜಾತ್ರೆಯ ಬಯಲಿನಲ್ಲಿ ಬಿಡಿಸಿ ತೋರಿಸುವವನು ಭಕ್ತರಿಗೆ ಉಪಕಾರವನ್ನೇ ಮಾಡುತ್ತಾನೆ.

ತಂಬೂ ಇಲ್ಲದವರು ಇನ್ನೂ ಇದ್ದಾರೆ. ಎರಡು ಕಡೆ ಕತ್ತರಿಗಳ ಮಾಡಿ ಹಗ್ಗ ಬಿಗಿದು, ಉದ್ದನೆಯ ಗಳ ಹಿಡಿದು ನಡೆಯುವ ಡೊಂಬರು. ಕೊರಳಲ್ಲಿ ಗಂಟೆ ಕಟ್ಟಿದ ಬಸವಣ್ಣನನ್ನು ಕರೆತಂದು ತಲೆಯಾಡಿಸುವವರು. ಚಾವಟಿ ಬೀಸಿಕೊಳ್ಳುವ ದುರುಗಮುರುಗಿಯವರು. ಇಂದು ಪೊಲೀಸ, ನಾಳೆ ಸಾಧು, ನಾಡಿದ್ದು ರಾಮನಾಗಿ ಬಾಗಿಲಿಗೆ ಬರುವ ಬಹುರೂಪಿಗಳು. ಅಂಗೈಯಲ್ಲಿ ಚೇಳು ತರಿಸುವ ಸುಡುಗಾಡು ಸಿದ್ಧರು. ಇವರಿಗೆ ಟಿಕೀಟಿಲ್ಲ. ಆಟ ಮುಗಿದ ಮೇಲೆ ಹಾಸಿದ ಬಟ್ಟೆಯ ಮೇಲೆ ಬಿದ್ದದ್ದೇ ಗಳಿಕೆ.

ಈ ವಿದ್ಯೆಗಳು ಹೊರಗಿನವರದೆಂದು ತಿಳಿಯಬೇಡಿ. ಭಾರತದ ಮೊದಲ ಸರ್ಕಸ್ ಕಟ್ಟಿದವರು ಇದೇ ಸಾಂಗಲಿ ಜಿಲ್ಲೆಯವರು. ಕೃಷ್ಣಾ ತೀರದ ಅಂಕಲಖೋಪದಲ್ಲಿ ಹುಟ್ಟಿದ ವಿಷ್ಣುಪಂತ ಛತ್ರೆಯವರು ಕುದುರೆ ಪಳಗಿಸುವುದರಲ್ಲಿ ನಿಪುಣರು. ಕಿಯಾರಿನಿ ಎಂಬ ಇಟಲಿಯವನ ಸರ್ಕಸ್ ಮುಂಬಯಿಗೆ ಬಂದಾಗ, ಹಿಂದೂಸ್ತಾನದವರಿಗೆ ಇಂಥದು ಕಟ್ಟಲು ಬಹಳ ಕಾಲ ಬೇಕೆಂಬ ಮಾತು ಬಂದಿತಂತೆ. ಛತ್ರೆಯವರು ಅದನ್ನೇ ಪಂಥವಾಗಿ ಹಿಡಿದು 1880ರಲ್ಲಿ 'ಗ್ರೇಟ್ ಇಂಡಿಯನ್ ಸರ್ಕಸ್' ಕಟ್ಟಿ ತೋರಿಸಿದರೆಂದು ಹೇಳುತ್ತಾರೆ. ಆಮೇಲೆ ಮಿರಜ ತಾಲೂಕಿನ ಮ್ಹೈಸಾಳದ ದೇವಲ್ ಮನೆತನದವರೂ ಸರ್ಕಸ್ ನಡೆಸಿ ಹೆಸರು ಪಡೆದರು. ಛತ್ರೆಯವರ ಕಂಪನಿ ಕೇರಳದ ತಲಚೇರಿಗೆ ಹೋದಾಗ ಅಲ್ಲಿಯ ಗರಡಿ ಗುರು ಕೀಲೇರಿ ಕುಞಿಕ್ಕಣ್ಣನ್ ಅವರು ನೋಡಿ ಮೆಚ್ಚಿ, ಮುಂದೆ ತಮ್ಮ ಊರಿನ ಹುಡುಗರಿಗೆ ಸರ್ಕಸ್ ವಿದ್ಯೆ ಕಲಿಸಿದರು. ಕೇರಳವು ಸರ್ಕಸ್ಸಿನ ತವರೆನಿಸಿಕೊಂಡದ್ದಕ್ಕೆ ಬೀಜ ನಮ್ಮ ಕೃಷ್ಣಾ ತೀರದ್ದು.

ಛತ್ರೆಯವರು ಕುದುರೆಯವರಷ್ಟೇ ಅಲ್ಲ, ಗ್ವಾಲಿಯರಿನಲ್ಲಿ ಸಂಗೀತ ಕಲಿತವರು. ಗುರು ಹದ್ದೂಖಾನರ ಮಗ ರಹಿಮತಖಾನರು ದಿಕ್ಕುಗೆಟ್ಟು ಅಲೆಯುತ್ತಿದ್ದಾಗ ಅವರನ್ನು ಕರೆತಂದು, ಸರ್ಕಸ್ಸಿನ ಜೊತೆಯಲ್ಲೇ ಇಟ್ಟುಕೊಂಡು ಸಾಕಿದರು. ಮುಂದೆ 'ಭೂಗಂಧರ್ವ'ರೆಂದು ಲೋಕವೆಲ್ಲ ಕೊಂಡಾಡಿದ ಆ ಗಾಯಕರು ಕಡೆಯ ದಿನಗಳನ್ನು ಕಳೆದದ್ದು ಛತ್ರೆ ಮನೆಯವರ ಆಶ್ರಯದಲ್ಲಿ, ಕುರುಂದವಾಡದಲ್ಲಿ. ಸರ್ಕಸ್ ತಂಬುವಿನ ಕೆಳಗೆ ಒಬ್ಬ ಮಹಾ ಗಾಯಕ ಬದುಕಿ ಉಳಿದನೆಂಬುದನ್ನು ಮರೆಯಬಾರದು.

ಅದಕ್ಕಿಂತ ಹಿಂದಿನ ಮಾತು ಇನ್ನೊಂದಿದೆ. ಕನ್ನಡ ನಾಡಿನ ಕರಾವಳಿಯಿಂದ ಭಾಗವತರ ಮೇಳವೊಂದು ಸಾಂಗಲಿಗೆ ಬಂದು ಆಟ ತೋರಿಸಿತು. ಸಾಂಗಲಿಯ ಸಂಸ್ಥಾನಿಕರು ಅದನ್ನು ಕಂಡು, ಇಂಥದು ಮರಾಠಿಯಲ್ಲೂ ಆಗಲೆಂದು ವಿಷ್ಣುದಾಸ ಭಾವೆಯವರಿಗೆ ಅಪ್ಪಣೆ ಮಾಡಿದರು. 1843ರಲ್ಲಿ 'ಸೀತಾ ಸ್ವಯಂವರ' ಆಯಿತು. ಮರಾಠಿ ರಂಗಭೂಮಿಯ ಹುಟ್ಟುಹಬ್ಬವನ್ನು ಇಂದಿಗೂ ಅಲ್ಲಿಂದಲೇ ಎಣಿಸುತ್ತಾರೆ. ನಾಲ್ಕು ದಿನ ತಂಗಿ ಹೋದ ಅಲೆಮಾರಿ ಮೇಳವು ಒಂದು ನಾಡಿಗೆ ನಾಟಕವನ್ನೇ ಬಿಟ್ಟುಹೋಯಿತು. ಕನ್ನಡಕ್ಕೂ ಮರಾಠಿಗೂ ನಡುವೆ ಗಡಿಯಲ್ಲಿ ಬಾಳುವ ನಮ್ಮಂಥವರಿಗೆ ಇದು ಹೆಮ್ಮೆಯ ಸಂಗತಿ.

ಇಷ್ಟಾದರೂ ಇವರಿಗೆ ಸಿಗುವ ಮರ್ಯಾದೆ ಎಷ್ಟು? ನಮ್ಮ ಆಡುಮಾತನ್ನೇ ನೋಡಿ. ಮಗ ಹಟ ಮಾಡಿದರೆ "ಏನ್ ಡೊಂಬರಾಟ ಹಚ್ಚೀಯೋ" ಎನ್ನುತ್ತೇವೆ. ಸುಳ್ಳು ಹೇಳುವವನಿಗೆ ಗಾರುಡಿ ಎನ್ನುತ್ತೇವೆ, ನಂಬಿಕೆಗೆಟ್ಟವನಿಗೆ ವೇಷಗಾರ ಎನ್ನುತ್ತೇವೆ. ಹಗ್ಗದ ಮೇಲೆ ನಡೆದು ಹೊಟ್ಟೆ ಹೊರೆಯುವವನ ಹೆಸರು ಬೈಗುಳವಾಯಿತು. ಹಗ್ಗ ಹಿಡಿಯಲೂ ಬಾರದವರು ಬೈಯುವವರಾದೆವು.

ಆದರೆ ಹನ್ನೆರಡನೆಯ ಶತಮಾನದ ಶರಣರು ಹಾಗೆ ಮಾಡಲಿಲ್ಲ. ಕಲ್ಯಾಣದ ಶರಣರ ಪಂಕ್ತಿಯಲ್ಲಿ ಕುಳಿತವರ ಹೆಸರು ಕೇಳಿ. ನಗೆಯ ಮಾರಿತಂದೆ — ಜನರನ್ನು ನಗಿಸುವುದೇ ಇವರ ಕಾಯಕ. ಇವರ ವಚನಗಳ ಅಂಕಿತ ಆತುರವೈರಿ ಮಾರೇಶ್ವರ. ಬಹುರೂಪಿ ಚೌಡಯ್ಯ — ವೇಷ ಹಾಕುವುದೇ ಕಾಯಕ. ಅಂಕಿತ ರೇಕಣ್ಣಪ್ರಿಯ ನಾಗಿನಾಥ. ಢಕ್ಕೆಯ ಬೊಮ್ಮಣ್ಣ — ಮಾರಿಯನ್ನು ಹೊತ್ತು ಢಕ್ಕೆ ಬಾರಿಸುತ್ತ ಮನೆಮನೆ ತಿರುಗಿದವರು. ಅಂಕಿತ ಕಾಲಾಂತಕ ಭೀಮೇಶ್ವರಲಿಂಗ. ಕಲಕೇತಯ್ಯ — ಊರೂರು ಅಲೆದು ಜನರನ್ನು ರಂಜಿಸಿದವರು, ಅಂಕಿತ ಮೇಖಲೇಶ್ವರಲಿಂಗ. ಇವರಿಗೆ ಯಾರೂ ಮೊದಲು ನಿನ್ನ ಆಟ ಬಿಡು, ಆಮೇಲೆ ಶರಣನಾಗು ಎಂದು ಹೇಳಲಿಲ್ಲ. ಅವರವರ ಆಟವೇ ಕಾಯಕವಾಯಿತು, ಕಾಯಕವೇ ಪೂಜೆಯಾಯಿತು. ಶೂನ್ಯ ಸಿಂಹಾಸನವೇರಿದ ಅಲ್ಲಮಪ್ರಭುಗಳೇ ಮೊದಲು ಮದ್ದಳೆ ಬಾರಿಸುತ್ತಿದ್ದರೆಂದು ಹರಿಹರ ಕವಿ ಹೇಳುತ್ತಾನೆ. ಉಮರಾಣಿಯಲ್ಲಿ ಹುಟ್ಟಿ ಗುಡ್ಡಾಪುರದಲ್ಲಿ ನೆಲೆಸಿದ ನಮ್ಮ ತಾಯಿ ಲಿಂಗಮ್ಮ ದಾನಮ್ಮಳಾದದ್ದು ಬಂದವರಿಗೆ ಕೊಟ್ಟದ್ದರಿಂದಲೇ. ಬಂದವರು ಯಾವ ಕಸುಬಿನವರೆಂದು ಕೇಳಿದ್ದರಿಂದಲ್ಲ.

ಶರಣರು ಪಂಕ್ತಿಯಲ್ಲಿ ಕೂಡಿಸಿಕೊಂಡವರನ್ನು ಮುಂದಿನ ಸರಕಾರಗಳು ಸಂಶಯದ ಪಟ್ಟಿಗೆ ಸೇರಿಸಿದವು. 1871ರಲ್ಲಿ ಬ್ರಿಟಿಷರು ಮಾಡಿದ ಕಾಯಿದೆ ಎಷ್ಟೋ ಅಲೆಮಾರಿ ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆಯಿತು. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ, ಆ ಕಳಂಕ ಕಾಗದದಿಂದ ಅಳಿಯಿತು. ಅದಕ್ಕೇ ಅವರನ್ನು ವಿಮುಕ್ತರೆನ್ನುವುದು. ಆದರೆ 1959ರ ಮುಂಬಯಿ ಭಿಕ್ಷಾ ನಿರ್ಬಂಧ ಕಾಯಿದೆಯು ಹಾಡಿ, ಕುಣಿದು, ಆಟ ತೋರಿಸಿ ಬೀದಿಯಲ್ಲಿ ಕೈಯೊಡ್ಡುವುದನ್ನೂ ಭಿಕ್ಷೆಯ ವ್ಯಾಖ್ಯೆಯಲ್ಲೇ ಸೇರಿಸಿತು. ಮೈ ಮುರಿದು ದುಡಿದವನೂ ದುಡಿಯದೆ ಬೇಡಿದವನೂ ಕಾಗದದ ಮೇಲೆ ಒಂದೇ ಆದರು.

ಕಾಗದಕ್ಕಿಂತ ಹೆಚ್ಚು ಭಯಂಕರವಾದದ್ದು ಜನರ ಗುಂಪು. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನಪಾಡಾ ಗ್ರಾಮದಲ್ಲಿ ಸಂತೆಯ ದಿನ ಐದು ಜನ ಅಲೆಮಾರಿಗಳನ್ನು ಮಕ್ಕಳ ಕಳ್ಳರೆಂದು ಹೊಡೆದು ಕೊಂದರು. ಅವರು ಭಿಕ್ಷಾಟನೆ ಮಾಡುವ ನಾಥಪಂಥಿ ಡವರಿ ಗೋಸಾವಿ ಸಮಾಜದವರು. ಅವರಲ್ಲಿ ಹೆಚ್ಚಿನವರು ನಮ್ಮ ನೆರೆಯ ಮಂಗಳವೇಢೆ ತಾಲೂಕಿನವರು. ಮಗುವನ್ನು ಯಾರೂ ಕದ್ದಿರಲಿಲ್ಲ. ಮೊಬೈಲಿನಲ್ಲಿ ಸುಳ್ಳು ಸುದ್ದಿ ಹರಿದಾಡಿತ್ತು, ಅಷ್ಟೇ. ದೂರದ ಮಾತೇಕೆ? 2022ರ ಸೆಪ್ಟೆಂಬರದಲ್ಲಿ ವಿಜಯಪುರದಿಂದ ಪಂಢರಪುರಕ್ಕೆ ಹೊರಟ ನಾಲ್ವರು ಸಾಧುಗಳು ನಮ್ಮ ಜತ್ತ ತಾಲೂಕಿನಲ್ಲೇ ದಾರಿ ಕೇಳಲು ಹೋಗಿ ಇದೇ ಸಂಶಯದಿಂದ ಪೆಟ್ಟು ತಿಂದರು. ಪುಣ್ಯಕ್ಕೆ ಜೀವ ಉಳಿಯಿತು. ದೇವಿಯ ದಾರಿಯಲ್ಲಿ ನಡೆದವರಿಗೆ ದೇವಿಯ ಸೀಮೆಯಲ್ಲಿ ಹೀಗಾಯಿತೆಂಬುದು ತಲೆತಗ್ಗಿಸುವ ಮಾತು. ವೇಷ ಬೇರೆ, ಭಾಷೆ ಬೇರೆ, ಊರು ಗೊತ್ತಿಲ್ಲ ಎಂಬುದೇ ಅಪರಾಧವಾದರೆ ಜಾತ್ರೆಯ ಬಯಲಿನಲ್ಲಿರುವ ಪ್ರತಿಯೊಬ್ಬ ಆಟದವನೂ ಅಪರಾಧಿಯೇ.

ಹೀಗೆಂದ ಮಾತ್ರಕ್ಕೆ ಬಯಲಿನಲ್ಲಿ ನಡೆಯುವುದೆಲ್ಲ ಸರಿಯೆಂದಲ್ಲ. ಕೆಲವು ಆಟಗಳು ನಿಂತದ್ದು ಒಳ್ಳೆಯದೇ ಆಯಿತು. ಕರಡಿ, ಮಂಗ, ಹುಲಿ, ಚಿರತೆ, ಸಿಂಹಗಳನ್ನು ಆಟಕ್ಕೆ ಪಳಗಿಸಬಾರದೆಂದು ಕೇಂದ್ರ ಸರಕಾರ 1998ರಲ್ಲಿ ಆಜ್ಞೆ ಮಾಡಿತು. ಸುಪ್ರೀಂ ಕೋರ್ಟು 2001ರ ಮೇ 1ರಂದು ಅದನ್ನು ಎತ್ತಿಹಿಡಿಯಿತು. ಮೂಗಿಗೆ ದಾರ ಪೋಣಿಸಿದ ಕರಡಿಯ ಕುಣಿತವನ್ನು ಹಿರಿಯರೆಲ್ಲ ನೋಡಿದ್ದಾರೆ. 2009ರ ಡಿಸೆಂಬರದಲ್ಲಿ ಕೊನೆಯ ಕುಣಿಯುವ ಕರಡಿಯನ್ನು ಬಿಡಿಸಿ ಬೆಂಗಳೂರು ಹತ್ತಿರದ ಬನ್ನೇರುಘಟ್ಟಕ್ಕೆ ಸಾಗಿಸಿದರು. ಅಲ್ಲಿ ವಿಶೇಷವೆಂದರೆ ಕರಡಿಯನ್ನು ಕಸಿದುಕೊಂಡು ಕೈಬಿಡಲಿಲ್ಲ. ಕರಡಿ ಆಡಿಸುವ ಖಲಂದರ ಕುಟುಂಬಗಳಿಗೆ ಬೇರೆ ಉದ್ಯೋಗಕ್ಕೆ ಸಹಾಯ ಮಾಡಿದರು, ಮಕ್ಕಳನ್ನು ಶಾಲೆಗೆ ಕಳಿಸಿದರು. ಕಸುಬು ನಿಲ್ಲಿಸುವವರು ಹೊಟ್ಟೆಯ ವಿಚಾರವನ್ನೂ ಮಾಡಬೇಕೆಂಬುದಕ್ಕೆ ಇದು ಮಾದರಿ. ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸಬಾರದೆಂದು ಸುಪ್ರೀಂ ಕೋರ್ಟು 2011ರ ಏಪ್ರಿಲದಲ್ಲಿ ಹೇಳಿತು. ಹಗ್ಗದ ಮೇಲೆ ಏಳು ವರ್ಷದ ಕೂಸು ನಡೆಯುವಾಗ ಚಪ್ಪಾಳೆ ತಟ್ಟುವ ಕೈಗಳು ತಮ್ಮ ಮನೆಯ ಏಳು ವರ್ಷದ ಕೂಸನ್ನು ನೆನೆಯಬೇಕು. ದೊಡ್ಡವರು ಆಡಲಿ, ಮಗು ಓದಲಿ.

ಅಪಾಯದ ವಿಚಾರವೂ ಹಾಗೆಯೇ. 2022ರ ಸೆಪ್ಟೆಂಬರ 4ರಂದು ಪಂಜಾಬದ ಮೊಹಾಲಿಯ ಮೇಳವೊಂದರಲ್ಲಿ ಜನ ಕುಳಿತ ತಿರುಗುವ ಪಾಳಣಾ ಎತ್ತರದಿಂದ ಧೊಪ್ಪನೆ ಕೆಳಗೆ ಬಿದ್ದು ಹಲವರು ಗಾಯಗೊಂಡರು. ಪಾಳಣದವನಿಗೆ ಬೇಕೆಂದು ಯಾರೂ ಬೀಳಿಸುವುದಿಲ್ಲ. ಆದರೆ ಒಂದು ಜಾತ್ರೆ ಮುಗಿದ ರಾತ್ರಿಯೇ ಬಿಚ್ಚಿ, ಲಾರಿಗೆ ಹೇರಿ, ಮರುದಿನ ಇನ್ನೊಂದು ಜಾತ್ರೆಯಲ್ಲಿ ನಿದ್ದೆಗಣ್ಣಿನಲ್ಲಿ ಜೋಡಿಸುವಾಗ ಒಂದು ಬೋಲ್ಟು ಸಡಿಲಾಗಿ ಉಳಿಯುವುದು ಸಹಜ. ಅಂಗಡಿಕಾರನಿಗೆ ಇಂದು ವ್ಯಾಪಾರವಾಗದಿದ್ದರೆ ನಾಳೆಯಿದೆ. ಆಟದವನಿಗೆ ಜಾತ್ರೆಯ ನಾಲ್ಕು ದಿನವೇ ಸುಗ್ಗಿ. ಅದರಲ್ಲಿ ಎರಡು ದಿನ ಮಳೆ ಬಂದರೆ ಲಾರಿ ಬಾಡಿಗೆ, ಡಿಸೇಲು, ಜಾಗದ ಬಾಡಿಗೆ ಎಲ್ಲವೂ ಮೈಮೇಲೆ ಬರುತ್ತದೆ. 2020ರಲ್ಲಿ ಮಹಾಮಾರಿಯಿಂದ ಜಾತ್ರೆಗಳೇ ನಿಂತಾಗ ಈ ಜನ ಹೇಗೆ ದಿನ ನೂಕಿದರೆಂಬುದನ್ನು ಯೋಚಿಸಿದರೆ ಹೊಟ್ಟೆ ಚುರ್ ಎನ್ನುತ್ತದೆ. ಜಾಗದ ಬಾಡಿಗೆಯನ್ನು ಲಿಲಾವಿನಲ್ಲಿ ಏರಿಸಿದಷ್ಟೂ ಅವನು ಆಳು ಕಡಿಮೆ ಮಾಡುತ್ತಾನೆ, ವಿಶ್ರಾಂತಿ ಬಿಡುತ್ತಾನೆ, ಪಾಳಣವನ್ನು ಜೋರಾಗಿ ತಿರುಗಿಸುತ್ತಾನೆ. ಗುಡಿಗೆ ಬಂದ ಆ ಹೆಚ್ಚಿನ ದುಡ್ಡಿನ ಅಪಾಯದಲ್ಲಿ ಕುಳಿತಿರುವುದು ನಮ್ಮದೇ ಮಕ್ಕಳು.

ಆದ್ದರಿಂದ ದೇವಸ್ಥಾನದ ಕಮಿಟಿಗಳೂ ಗ್ರಾಮ ಪಂಚಾಯತಿಗಳೂ ಭಕ್ತರೂ ಕೂಡಿ ಮಾಡಬಹುದಾದ ಕೆಲವು ಕೆಲಸಗಳಿವೆ. ಇವಕ್ಕೆ ದೊಡ್ಡ ನಿಧಿ ಬೇಕಿಲ್ಲ, ಮನಸ್ಸು ಬೇಕು.

ಮೊದಲನೆಯದು ನೀರು. ಬರದ ತಾಲೂಕಿನಲ್ಲಿ ಟ್ಯಾಂಕರ ನೀರು ಗುಡಿಯ ಕಡೆಗೇ ಹೋಗಿ ಬಯಲಿನ ತುದಿಯ ತಂಬುಗಳಿಗೆ ತಲುಪುವುದಿಲ್ಲ. ಅಲ್ಲಿಗೂ ಒಂದು ಟ್ಯಾಂಕಿ ಇಡಬೇಕು, ಹೆಣ್ಣುಮಕ್ಕಳಿಗೆ ಸ್ನಾನಕ್ಕೂ ಶೌಚಕ್ಕೂ ಮರೆ ಕಟ್ಟಿಸಬೇಕು. ಎರಡನೆಯದು ಜಾಗ. ತಂಬುವಿಲ್ಲದ ಡೊಂಬರಿಗೂ ಬಹುರೂಪಿಗಳಿಗೂ ಬಾಡಿಗೆಯಿಲ್ಲದ ಒಂದು ಚೌಕ ಬಿಡಬೇಕು. ಲಿಲಾವು ದೊಡ್ಡ ಆಟಗಳಿಗಷ್ಟೇ ಇರಲಿ. ಮೂರನೆಯದು ತಪಾಸಣೆ. ಪಾಳಣಾ, ಸಾವಿನ ಬಾವಿ ಇಂಥವುಗಳನ್ನು ತಿಳಿದ ಮಿಸ್ತ್ರಿ ದಿನವೂ ಬೆಳಿಗ್ಗೆ ನೋಡಿ ಸಹಿ ಮಾಡಿದ ಮೇಲೆಯೇ ಆಟ ಶುರುವಾಗಬೇಕು. ಮೇಲಿನ ಕಟ್ಟೆಯಲ್ಲಿ ಎಷ್ಟು ಜನವೆಂಬ ಮಿತಿ ಇರಬೇಕು. ನಾಲ್ಕನೆಯದು ಗುರುತು. ಬಂದ ದಿನವೇ ಅವರ ಹೆಸರು, ಊರು ಬರೆದುಕೊಂಡು ಪೊಲೀಸ ಪಾಟೀಲರಿಗೆ ತಿಳಿಸಿ, ಕಮಿಟಿಯ ಸಿಕ್ಕೆಯಿರುವ ಒಂದು ಚೀಟಿ ಕೊಟ್ಟರೆ ಯಾರೂ ಅವರ ಮೇಲೆ ಸುಮ್ಮನೆ ಕೈಮಾಡಲಾರರು. ಸಂಶಯ ಬಂದರೆ ಪೊಲೀಸರಿಗೆ ಹೇಳಬೇಕೇ ಹೊರತು ಗುಂಪು ಕೂಡಿಸಬಾರದು. ಐದನೆಯದು ಅವರ ಮಕ್ಕಳು. ಜಾತ್ರೆ ಮುಗಿಯುವವರೆಗಾದರೂ ಅವರು ಊರ ಶಾಲೆಯಲ್ಲಿ ಕುಳಿತುಕೊಳ್ಳುವಂತೆ ಗುರುಗಳು ಮನಸ್ಸು ಮಾಡಬೇಕು.

ಕೊನೆಯದು ಎಲ್ಲಕ್ಕಿಂತ ಸುಲಭವಾದದ್ದು. ದಾಸೋಹದ ಪಂಕ್ತಿಗೆ ಅವರನ್ನು ಕರೆಯುವುದು. ಆಟ ಮುಗಿಯುವ ಹೊತ್ತಿಗೆ ದಾಸೋಹ ಮುಗಿದಿರುತ್ತದೆ, ಅವರು ತಂಬುವಿನ ಹಿಂದೆ ಮೂರು ಕಲ್ಲು ಹೂಡಿ ಬೇಯಿಸಿಕೊಳ್ಳುತ್ತಾರೆ. ರಾತ್ರಿ ಒಂದು ಕಡೆಯ ಪಂಕ್ತಿ ಅವರಿಗಾಗಿ ನಡೆಯಲಿ. "ಬನ್ರಿ, ಊಟಕ್ಕ ಏಳ್ರಿ" ಎಂಬ ಒಂದು ಮಾತು ಸಾಕು. ನಗೆಯ ಮಾರಿತಂದೆಗಳೂ ಬಹುರೂಪಿ ಚೌಡಯ್ಯಗಳೂ ಕುಳಿತ ಪಂಕ್ತಿ ಅದು. ಅವರ ಕಸುಬಿನವರಿಗೆ ಅಲ್ಲಿ ಜಾಗ ಕೊಡುವುದು ನಾವು ಮಾಡುವ ಉಪಕಾರವಲ್ಲ, ಅವರಿಗೆ ಮೊದಲಿನಿಂದಲೂ ಸಲ್ಲಬೇಕಾದದ್ದು.

ತಾಯಿ ದಾನಮ್ಮದೇವಿಯು ಸಕಾಲಕ್ಕೆ ಮಳೆ ಬೆಳೆ ಕೊಟ್ಟು, ಹಗ್ಗದ ಮೇಲೆ ನಡೆಯುವವರ ಕಾಲು ಕಾಯ್ದು, ಬಾವಿಯ ಗೋಡೆ ಏರುವವರ ಜೀವ ಕಾಯ್ದು, ಅವರನ್ನು ನೋಡುವ ಕಣ್ಣುಗಳಿಗೆ ಕರುಣೆ ಕೊಡಲಿ ಎಂದು ಪ್ರಾರ್ಥಿಸೋಣ.